ರಿಪೋರ್ಟ್ ನಾರ್ಮಲ್, ಮೈಯಲ್ಲ

ಮಾನ್ಯ ಸಂಪಾದಕರೆ,

ರಾಯಚೂರಿನ ಹತ್ತಿ ಮಾರುಕಟ್ಟೆಯಲ್ಲಿ ಅಂಡಿಗೆ ಹೊರುವ ನಮ್ಮ ಓಣಿಯ ಹಮಾಲರೊಬ್ಬರು ಕೋವಿಡ್ ಬಂದಾಗ ಆಸ್ಪತ್ರೆ ಮೆಟ್ಟಿಲೂ ಹತ್ತಿರಲಿಲ್ಲ. ಆಮೇಲೆ ತಿಂಗಳುಗಟ್ಟಲೆ ಎರಡು ಅಂಡಿಗೆ ಇಳಿಸುವಷ್ಟರಲ್ಲೇ ಏದುಸಿರು, ಗೋಡೆಗೊರಗಿ ಕೂತುಬಿಡುವುದು. ರಕ್ತ, ಎಕ್ಸ್‌ರೇ ಎಲ್ಲ ನಾರ್ಮಲ್. ಮೇಸ್ತ್ರಿ ಬಾಯಲ್ಲಿ ಮಾತ್ರ 'ಮೈಗಳ್ಳ'.

ಆಸ್ಟ್ರೇಲಿಯಾದ ಸಂಶೋಧಕರು 2022ರಲ್ಲಿ 'ನೇಚರ್ ಇಮ್ಯುನಾಲಜಿ'ಯಲ್ಲಿ ಪ್ರಕಟಿಸಿದ ಅಧ್ಯಯನ ನೋಡಿದರೆ ಮೇಸ್ತ್ರಿಯ ಮಾತು ನಿಲ್ಲುವುದಿಲ್ಲ. ಸೋಂಕು ಸೌಮ್ಯ ಇಲ್ಲವೆ ಮಧ್ಯಮವಾಗಿದ್ದೂ, ಅದು ಹೋದ ಮೇಲೂ ತಿಂಗಳುಗಟ್ಟಲೆ ಕಾಡುವ ಲಾಂಗ್ ಕೋವಿಡ್‌ಗೆ ಸಿಕ್ಕವರಲ್ಲಿ 8 ತಿಂಗಳಾದರೂ, ವೈರಸ್ ವಿರುದ್ಧ ಮೈ ಹೊರಡಿಸುವ ಪ್ರೋಟೀನ್ ಆದ ಇಂಟರ್‌ಫೆರಾನ್ ಮಟ್ಟ ಇಳಿದಿರಲಿಲ್ಲ. ರೋಗನಿರೋಧಕ ಜೀವಕೋಶಗಳು ಕೆರಳಿಯೇ ಇದ್ದವು. ರಕ್ತಕಣ ಎಣಿಸುವ ಮಾಮೂಲಿ ಸಿಬಿಸಿ ಪರೀಕ್ಷೆ ಇಂಟರ್‌ಫೆರಾನ್ ಅಳೆಯುವುದೇ ಇಲ್ಲವಲ್ಲ!

ತಾಲ್ಲೂಕು ಆಸ್ಪತ್ರೆಗಳಲ್ಲಿ ವಾರಕ್ಕೊಂದು ದಿನವಾದರೂ ಇಂಥವರನ್ನು ಪ್ರತ್ಯೇಕವಾಗಿ ನೋಡಲಿ. ಸಂಜೆ ಹೊತ್ತಾದರೆ ಕೂಲಿಯವರಿಗೂ ಬರಲಾದೀತು.

– ಓದುಗ, ರಾಯಚೂರು