ಎಸ್.ಪಿ. ರಸ್ತೆಯ ಆ ಹಿರಿಯರಿಗೆ

ಕಳೆದ ತಿಂಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಮಹಡಿಯ ಮೇಲಿನ ಇಕ್ಕಟ್ಟಾದ ಅಂಗಡಿಯೊಂದರಲ್ಲಿ ನನ್ನ ಲ್ಯಾಪ್‌ಟಾಪನ್ನು ಸರಿಪಡಿಸಿಕೊಟ್ಟ ಹಿರಿಯರಿಗೆ, ಹೆಸರು ಕೇಳುವುದನ್ನೂ ಮರೆತು ಬಂದ ನಾನು ಈ ಮೂಲಕ ಮನಃಪೂರ್ವಕ ಕೃತಜ್ಞತೆಗಳನ್ನು ಸಲ್ಲಿಸುತ್ತಿದ್ದೇನೆ.

ಹೆಡ್‌ಫೋನ್ ಹಾಕಿದರೆ ಒಂದೇ ಕಿವಿಗೆ ಕೇಳಿಸುತ್ತಿತ್ತು. ತೆಗೆದರೆ ಸ್ಪೀಕರ್ ಮೌನವಾಗಿರುತ್ತಿತ್ತು. ಸಂದರ್ಶನಗಳ ಧ್ವನಿಮುದ್ರಣವನ್ನು ಕೇಳಿ ಬರಹಕ್ಕಿಳಿಸುವುದೇ ನನ್ನ ಜೀವನೋಪಾಯವಾದ್ದರಿಂದ, ಇಡೀ ಮದರ್‌ಬೋರ್ಡನ್ನೇ ಬದಲಿಸಬೇಕೆಂದು ಬೇರೊಂದೆಡೆ ಹೇಳಿದಾಗ ಕೈಕಾಲು ಆಡದಂತಾಗಿತ್ತು.

ತಾವು ಮಾತ್ರ ಯಾವ ಅವಸರವನ್ನೂ ತೋರದೆ, ಮೊದಲು ಬೇರೊಂದು ಹೆಡ್‌ಫೋನ್ ಹಾಕಿ ನೋಡಿ, ಬಳಿಕ ಲ್ಯಾಪ್‌ಟಾಪನ್ನು ಬಿಚ್ಚಿ, ಬ್ಯಾಟರಿಯ ಸಂಪರ್ಕ ತಪ್ಪಿಸಿ, ಹೆಡ್‌ಫೋನಿನ ಪಿನ್ ಸಿಕ್ಕಿಸುವ 3.5 ಮಿ.ಮೀ. ಜ್ಯಾಕಿನೊಳಗೆ ಪಿನ್ ಬಂದುದನ್ನು ಗುರುತಿಸುವ ಪುಟ್ಟ ಲೋಹದ ಪಟ್ಟಿ ಇರುತ್ತದೆಂದೂ, ಜುಂಗು ಸಿಕ್ಕಿ ಅದು ಅಲ್ಲೇ ಕಚ್ಚಿಕೊಂಡರೆ ಪಿನ್ ತೆಗೆದ ಮೇಲೂ ಹೆಡ್‌ಫೋನ್ ಇದೆಯೆಂದೇ ಲ್ಯಾಪ್‌ಟಾಪ್ ತಿಳಿದು ಸ್ಪೀಕರಿಗೆ ಧ್ವನಿ ಕಳಿಸುವುದಿಲ್ಲವೆಂದೂ ವಿವರಿಸಿದಿರಿ. ಮರದ ಹಲ್ಲುಕಡ್ಡಿಯ ತುದಿಯಿಂದ ನೀಲಿ ಜುಂಗಿನ ಸಣ್ಣ ಉಂಡೆಯೊಂದನ್ನು ಹೊರತೆಗೆದು ತೋರಿಸಿದ್ದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. ಒಂದು ಕಿವಿಯ ದೋಷಕ್ಕೆ ಕಾರಣ ಬಿರುಕು ಬಿಟ್ಟ ಬೆಸುಗೆ. ಭೂತಗನ್ನಡಿಯಡಿಯಲ್ಲಿ ಆ ಕೂದಲೆಳೆಯಂಥ ಗೆರೆಯನ್ನು ನನಗೂ ತೋರಿಸಿ, ಹೊಸದಾಗಿ ಬೆಸೆದಿರಿ. ದುಡಿಯುವವರು ಇಷ್ಟು ತಾಳ್ಮೆಯಿಂದ ತಿಳಿಸಿ ಹೇಳುವುದನ್ನು ನಾನು ಕಂಡಿದ್ದು ಅಪರೂಪ.

ತಂತಿಯನ್ನು ಜಗ್ಗದೆ ಪಿನ್ನಿನ ಬುಡ ಹಿಡಿದು ನೇರವಾಗಿ ಎಳೆಯಬೇಕೆಂಬ ತಮ್ಮ ಮಾತನ್ನು ಅಂದಿನಿಂದ ತಪ್ಪದೆ ಪಾಲಿಸುತ್ತಿದ್ದೇನೆ. ತಾವು ಪಡೆದ 200 ರೂಪಾಯಿ ಆ ಶ್ರಮಕ್ಕೆ ತೀರಾ ಕಡಿಮೆಯಾಯಿತು. ನಿಂತುಹೋಗಿದ್ದ ಸಂದರ್ಶನವನ್ನು ಆ ರಾತ್ರಿಯೇ ಎರಡೂ ಕಿವಿಗಳಿಂದ ಕೇಳಿ ಬರೆದು ಮುಗಿಸಿದೆ.