ಆ ಕಥೆಯ ಕೊನೆಯ ಎರಡು ಪುಟಗಳನ್ನು ಮಕ್ಕಳಿಗೆ ಕೊಡಿ

ಮಾನ್ಯ ಸಂಪಾದಕರೇ,

ನಮ್ಮ ಬಡಾವಣೆಯ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕಿಗೆ ‘ಪಠ್ಯದ ಹೊರಗಿನ ಕಥೆ ಓದಿಸಿದ’ ಕಾರಣಕ್ಕೆ ನೋಟಿಸ್ ನೀಡಿರುವ ವರದಿಯನ್ನು ಗುರುವಾರದ ನಿಮ್ಮ ಪತ್ರಿಕೆಯಲ್ಲಿ ಓದಿದೆ. ವರದಿಯಲ್ಲಿ ಇರುವುದು ತಪ್ಪಲ್ಲ, ಆದರೆ ಅದು ಅರ್ಧ ಮಾತ್ರ. ಶಿಕ್ಷಣ ಇಲಾಖೆಯ ಅಧಿಕಾರಿ ತರಗತಿಗೆ ಬಂದಾಗ ನನ್ನ ಮಗಳು ಎರಡನೇ ಬೆಂಚಿನಲ್ಲಿ ಕುಳಿತಿದ್ದಳು. ಅವರು ಎತ್ತಿಕೊಂಡು ಹೋಗಿ ಬೀರುವಿನಲ್ಲಿಟ್ಟು ಬೀಗ ಹಾಕಿದ ಕಾಗದಗಳನ್ನು ಜೆರಾಕ್ಸ್ ಮಾಡಿಸಿಕೊಟ್ಟವಳು ನಾನು. ಆದ್ದರಿಂದ ಉಳಿದ ಅರ್ಧವನ್ನು ಹೇಳುವ ಹಕ್ಕು ನನಗಿದೆಯೆಂದು ಭಾವಿಸುತ್ತೇನೆ.

ಅದು ಫ್ರಾನ್ಸಿನ ಗೀ ದ ಮೊಪಾಸಾ 1884ರಲ್ಲಿ ಬರೆದ, ವಜ್ರದ ಹಾರದ ಕಥೆ. ಸಣ್ಣ ಗುಮಾಸ್ತನೊಬ್ಬನ ಹೆಂಡತಿ ಒಂದು ರಾತ್ರಿಯ ಔತಣಕ್ಕೆಂದು ಸ್ಥಿತಿವಂತ ಗೆಳತಿಯಿಂದ ಹಾರವನ್ನು ಎರವಲು ತರುತ್ತಾಳೆ, ಅದನ್ನು ಕಳೆದುಕೊಳ್ಳುತ್ತಾಳೆ, ಗೆಳತಿಗೆ ಹೇಳಲು ಮುಖವಿಲ್ಲದೆ 36,000 ಫ್ರಾಂಕಿಗೆ ಅಂಥದೇ ಇನ್ನೊಂದು ಹಾರವನ್ನು ಕೊಂಡು ಹಿಂತಿರುಗಿಸುತ್ತಾಳೆ, ಮತ್ತು ಆ ಸಾಲ ತೀರಿಸಲು ಗಂಡ ಹೆಂಡತಿ ಹತ್ತು ವರ್ಷ ಸವೆಯುತ್ತಾರೆ. ಮದುವೆಮನೆಗೆ ಹೋಗಲು ಪಕ್ಕದ ಮನೆಯಿಂದ ಸರ ಕೇಳಿ ತರುವ, ಶಾಲೆ ಶುರುವಾಗುವ ತಿಂಗಳು ಬಳೆ ಅಡವಿಡುವ ಮನೆಗಳಿಂದ ಬಂದ ಮಕ್ಕಳಿಗೆ ಈ ಕಥೆಯನ್ನು ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನನ್ನ ಮಗಳು ಒಂದು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು, “ಅಮ್ಮಾ, ಅವಳು ಕಳೆದ ದಿನವೇ ಹೋಗಿ ನಿಜ ಹೇಳಿಬಿಟ್ಟಿದ್ದರೆ ಏನಾಗುತ್ತಿತ್ತು?” ಎಂದು ಕೇಳಿದಳು. ಪಠ್ಯಪುಸ್ತಕದ ಯಾವ ಪಾಠದ ಬಗ್ಗೆಯೂ ಅವಳು ನನ್ನಲ್ಲಿ ಹಾಗೆ ಬಂದು ಕೇಳಿದ್ದಿಲ್ಲ.

ಶಿಕ್ಷಕಿ ದಿನಕ್ಕೆ ಒಂದೆರಡು ಪುಟಗಳಂತೆ ಹಂಚುತ್ತಿದ್ದರು. ಕೊನೆಯ ಎರಡು ಪುಟಗಳನ್ನು ತಮ್ಮಲ್ಲೇ ಉಳಿಸಿಕೊಂಡು, ಕಥೆ ಹೇಗೆ ಮುಗಿಯಬಹುದೆಂದು ಪ್ರತಿಯೊಬ್ಬರೂ ಇಂಗ್ಲಿಷಿನಲ್ಲಿ ಹತ್ತು ವಾಕ್ಯ ಬರೆದು ತರುವಂತೆ ಹೇಳಿದ್ದರು; ಯಾರೂ ಫೋನಿನಲ್ಲಿ ಹುಡುಕುವುದಿಲ್ಲವೆಂದು ಮಕ್ಕಳು ಅವರಿಗೆ ಮಾತು ಕೊಟ್ಟಿದ್ದರು. 38 ಮಕ್ಕಳೂ ಬರೆದು ತಂದಿದ್ದರು. ಇಂಗ್ಲಿಷಿನಲ್ಲಿ ಸ್ವಂತವಾಗಿ ಎರಡು ವಾಕ್ಯ ಬರೆಯಲಾರದ ಹುಡುಗರೂ ಬರೆದಿದ್ದರು. ಅಧಿಕಾರಿ ಬಂದದ್ದು ಅದೇ ಬೆಳಿಗ್ಗೆ. ಒಬ್ಬ ಹುಡುಗ ಎದ್ದು ನಿಂತು ತಾನು ಬರೆದದ್ದನ್ನು ಓದುತ್ತಿದ್ದಾಗಲೇ ಅವನ ಕೈಯಿಂದ ಹಾಳೆಯನ್ನು ಕಿತ್ತುಕೊಂಡು, “ಇದು ಪರೀಕ್ಷೆಗೆ ಬರುತ್ತದೆಯೇ?” ಎಂದು ಕೇಳಿದರಂತೆ. ಆಮೇಲೆ, “ಪರದೇಶದ ಕಥೆ ಈ ಮಕ್ಕಳಿಗೇಕೆ, ಪಾಸಿಂಗ್ ಪ್ಯಾಕೇಜ್ ಎಲ್ಲಿ?” ಎಂದರಂತೆ. ಪಾಸಾಗಲು ಸಾಕಾಗುವಷ್ಟು ಪ್ರಶ್ನೋತ್ತರಗಳ ಕಟ್ಟಿಗೆ ಆ ಹೆಸರು. ಮಕ್ಕಳೆದುರಿಗೇ ಶಿಕ್ಷಕಿಯನ್ನು ನಿಲ್ಲಿಸಿ ಕೇಳಿದ ಈ ಮಾತುಗಳು ವರದಿಯಲ್ಲಿ ಇಲ್ಲ.

ಆ ಅಧಿಕಾರಿಯು ಹತ್ತನೇ ತರಗತಿಯ ಇಂಗ್ಲಿಷ್ ಪುಸ್ತಕವನ್ನು ಒಮ್ಮೆಯಾದರೂ ತೆರೆದು ನೋಡಿದ್ದಾರೆಯೇ ಎಂದು ನಾನು ಬಹಿರಂಗವಾಗಿಯೇ ಕೇಳುತ್ತೇನೆ. ಮಗಳ ಚೀಲದಲ್ಲಿರುವ ಪುಸ್ತಕದಲ್ಲಿ ಶೇಕ್ಸ್‌ಪಿಯರನ ನಾಟಕದಿಂದ ಆರಿಸಿದ, ಕರುಣೆಯನ್ನು ಕುರಿತ ಪೋರ್ಷಿಯಾಳ ಮಾತುಗಳಿವೆ. ಅಮೆರಿಕದ ನ್ಯೂ ಮೆಕ್ಸಿಕೋದ ಮುದುಕನೊಬ್ಬನ ಕಥೆಯಿದೆ: ಜಮೀನನ್ನು 1200 ಡಾಲರಿಗೆ ಮಾರಲು ಒಪ್ಪಿದ ಮೇಲೆ, ಅಳತೆ ಮಾಡಿದಾಗ ಎಂಟು ಎಕರೆ ಹೆಚ್ಚಿದೆಯೆಂದು ತಿಳಿದರೂ ಅವನು ಹೆಚ್ಚಿನ ಹಣ ಮುಟ್ಟುವುದಿಲ್ಲ, ಊರಿನಲ್ಲಿ ಮಗು ಹುಟ್ಟಿದಾಗಲೆಲ್ಲ ಒಂದೊಂದು ಗಿಡ ನೆಟ್ಟಿರುವುದರಿಂದ, ತಾನು ಮಾರಿದ್ದು ನೆಲವನ್ನೇ ಹೊರತು ಮಕ್ಕಳ ಮರಗಳನ್ನಲ್ಲ ಎನ್ನುತ್ತಾನೆ. ಇದು ಪರದೇಶದ್ದಲ್ಲವೇ? ಅದನ್ನು ಪಠ್ಯದಲ್ಲಿಟ್ಟವರೂ ಇದೇ ಇಲಾಖೆಯವರು. ಶಿಕ್ಷಕಿ ಮಾಡಿದ್ದಿಷ್ಟೇ: ಆ ಮುದುಕನ ಪಾಠ ಮುಗಿದ ಮೇಲೆ, ಮಾತಿಗೂ ಹಣಕ್ಕೂ ಇರುವ ಸಂಬಂಧವನ್ನು ಇನ್ನೊಂದು ದೇಶದ ಲೇಖಕ ಹೇಗೆ ಕಂಡಿದ್ದಾನೆಂದು ತೋರಿಸಿದರು. ಪಠ್ಯದಲ್ಲಿ ಜಾಸ್ ಸಂಗೀತಗಾರನೊಬ್ಬನನ್ನು ಕುರಿತ ಕವಿತೆ ಇದೆ. ಅದನ್ನು ಓದಿಸುವ ಮೊದಲು, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾಗಿ ಅದನ್ನು ಕರ್ನಾಟಕ ಸಂಗೀತಕ್ಕೆ ಪಳಗಿಸಿದ ಕದ್ರಿ ಗೋಪಾಲನಾಥರ ವಾದನವನ್ನು ಐದು ನಿಮಿಷ ಕೇಳಿಸಿದರು, ಅನಂತರ ನ್ಯೂ ಆರ್ಲಿಯನ್ಸಿನ ಕಪ್ಪು ಜನರ ಜಾಸ್ ಕೇಳಿಸಿದರು. ನೋಟಿಸಿನಲ್ಲಿ ಇದನ್ನು ‘ತರಗತಿಯಲ್ಲಿ ಮೊಬೈಲ್ ದುರ್ಬಳಕೆ’ ಎಂದು ಬರೆಯಲಾಗಿದೆ. ಯಾವ ಮನಸ್ಸಿನಿಂದ ಆ ಪದವನ್ನು ಬರೆದರೋ ತಿಳಿಯದು.

ಪರೀಕ್ಷೆಯ ಮಾತಿಗೆ ಬಂದರೂ ಅವರ ವಾದ ನಿಲ್ಲುವುದಿಲ್ಲ. ದ್ವಿತೀಯ ಭಾಷೆ ಇಂಗ್ಲಿಷಿನ 80 ಅಂಕಗಳ ಪ್ರಶ್ನೆಪತ್ರಿಕೆಯಲ್ಲಿ, ಮಕ್ಕಳು ಹಿಂದೆಂದೂ ನೋಡಿರದ ಗದ್ಯಭಾಗವನ್ನು ಓದಿ ಉತ್ತರಿಸುವ ಪ್ರಶ್ನೆ ಇದ್ದೇ ಇರುತ್ತದೆ. ಉಳಿದ 20 ಆಂತರಿಕ ಅಂಕಗಳಿಗೆ ಚಟುವಟಿಕೆ ಮಾಡಿಸಿ ಎಂದು ಸುತ್ತೋಲೆ ಕಳುಹಿಸುವವರೂ ಇವರೇ. ಹೊರಗಿನದನ್ನು ಓದಿಸದೆ ಹೊರಗಿನ ಗದ್ಯಭಾಗಕ್ಕೆ ಉತ್ತರ ಬರೆಸುವುದು ಹೇಗೆ? ಇನ್ನು ಪರದೇಶದ ಕಥೆ ಬೇಡವೆನ್ನುವವರಿಗೆ ಒಂದು ಮಾತು: ಕನ್ನಡದ ಮಕ್ಕಳೆಲ್ಲ ಹಾಡಿ ಕುಣಿದ ಕುವೆಂಪು ಅವರ ಕಿಂದರಿಜೋಗಿ ಹೊಮ್ಮಿದ್ದು ಬ್ರೌನಿಂಗನ ಇಂಗ್ಲಿಷ್ ಪದ್ಯದಿಂದ. ‘ಕರುಣಾಳು ಬಾ ಬೆಳಕೆ’ ನ್ಯೂಮನ್ನರ ಇಂಗ್ಲಿಷ್ ಪ್ರಾರ್ಥನೆ. ಅದನ್ನು ನಮ್ಮದಾಗಿಸಿದ ಬಿ.ಎಂ. ಶ್ರೀಕಂಠಯ್ಯನವರು ಇಂಗ್ಲಿಷ್ ಪಾಠ ಹೇಳುತ್ತಿದ್ದ ಮೇಷ್ಟ್ರು. ನಮ್ಮ ಶಾಲೆಯಲ್ಲಿ ಬೆಳಗಿನ ಪ್ರಾರ್ಥನೆಗೆ ಮಕ್ಕಳು ಅದನ್ನು ಹಾಡುತ್ತಾರೆ, ಅಂದು ಆ ಅಧಿಕಾರಿ ಕೈಕಟ್ಟಿ ನಿಂತು ಕೇಳಿದ್ದೂ ಅದನ್ನೇ.

ನೋಟಿಸಿನ ವಿಚಾರ ತಿಳಿದ ಮರುದಿನವೇ ನಾನು ಅರ್ಧ ದಿನದ ಸಂಬಳ ಬಿಟ್ಟು, ಎರಡು ಬಸ್ಸು ಬದಲಿಸಿ ಅವರ ಕಚೇರಿಗೆ ಹೋದೆ. ಹತ್ತೂವರೆಯಿಂದ ಒಂದೂಮುಕ್ಕಾಲರವರೆಗೆ ಕಾಲು ಮುರಿದ ಬೆಂಚಿನ ಮೇಲೆ ಕುಳಿತೆ. ಸಾಹೇಬರು ವಿಡಿಯೋ ಕಾನ್ಫರೆನ್ಸಿನಲ್ಲಿದ್ದಾರೆ ಎಂದರು, ಆಮೇಲೆ ಊಟಕ್ಕೆ ಹೋದರು ಎಂದರು, ಆಮೇಲೆ ಫೀಲ್ಡಿಗೆ ಹೋದರು ಎಂದರು. ಮನವಿಪತ್ರವನ್ನು ಟಪಾಲಿಗೆ ಕೊಟ್ಟರೆ, ಸ್ವೀಕೃತಿಗೆ ಸೀಲು ಹಾಕುವ ಗುಮಾಸ್ತರು ರಜೆಯಲ್ಲಿದ್ದಾರೆ, ಸೋಮವಾರ ಬನ್ನಿ ಎಂದರು. ಸೋಮವಾರ ಮತ್ತೆ ಅರ್ಧ ದಿನದ ಸಂಬಳ ಹೋಯಿತು. ಅಂದು ಸೀಲು ಸಿಕ್ಕಿತು, ಉತ್ತರ ಸಿಗಲಿಲ್ಲ. ಒಂಬತ್ತು ಪುಟಗಳ 38 ಪ್ರತಿಗೆ ಪುಟಕ್ಕೆ 2 ರೂಪಾಯಿಯಂತೆ ನಾನು ಕೊಟ್ಟ 684 ರೂಪಾಯಿಯನ್ನು ಕೇಳಲು ಹೋಗಿರಲಿಲ್ಲ. ಆ ಕಾಗದಗಳು ಎಲ್ಲಿವೆ ಎಂದಷ್ಟೇ ಕೇಳಿದೆ. ‘ಕಡತದಲ್ಲಿವೆ’ ಎಂದರು.

ಶಿಕ್ಷಕಿಯ ಮೇಲೆ ಇಷ್ಟು ಚುರುಕಾಗಿರುವ ಈ ಕಚೇರಿ, ಆ ಶಿಕ್ಷಕಿ ಬರುವ ಮೊದಲು ಎರಡು ವರ್ಷ ನಮ್ಮ ಶಾಲೆಯ ಇಂಗ್ಲಿಷ್ ಹುದ್ದೆ ಖಾಲಿ ಬಿದ್ದು, ಗಣಿತದ ಮೇಷ್ಟ್ರು ಬಿಡುವಿದ್ದಾಗ ಬಂದು ನೋಟ್ಸ್ ಬರೆಸಿ ಹೋಗುತ್ತಿದ್ದಾಗ ಎಲ್ಲಿತ್ತು? ಒಂದು ವರ್ಷ ಪಠ್ಯಪುಸ್ತಕಗಳು ಆಗಸ್ಟ್ ತಿಂಗಳಲ್ಲಿ ಬಂದಾಗ ಯಾರಿಗೆ ನೋಟಿಸ್ ಕೊಟ್ಟರು? ಶಾಲೆಯ ಗ್ರಂಥಾಲಯವೆಂದರೆ ಮುಖ್ಯೋಪಾಧ್ಯಾಯರ ಕೊಠಡಿಯ ಒಂದು ಬೀರು. ಅದರ ಬೀಗದ ಕೈ ವರ್ಗವಾಗಿ ಹೋದವರೊಬ್ಬರ ಜೊತೆ ಹೋಗಿ ಮೂರು ವರ್ಷವಾಯಿತು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನಮ್ಮಿಂದ ತಪ್ಪದೆ ವಸೂಲಿ ಮಾಡುತ್ತಾರೆ. ಬಡಾವಣೆಯ ಶಾಖಾ ಗ್ರಂಥಾಲಯಕ್ಕೆ ಮಕ್ಕಳು ಶಾಲೆ ಬಿಟ್ಟು ಬರುವ ಹೊತ್ತಿಗೆ ಬಾಗಿಲು ಹಾಕಿರುತ್ತದೆ, ಒಳಗಿರುವ ಮಕ್ಕಳ ಪುಸ್ತಕಗಳು ಗೆದ್ದಲು ಹಿಡಿದಿವೆ. ಈ ಬಗ್ಗೆ ಹಿಂದೆ ಎರಡು ಬಾರಿ ಬರೆದು ಕೊಟ್ಟಿದ್ದೇವೆ. ಮಕ್ಕಳು ಓದಬೇಕಾದ ಎಲ್ಲ ಜಾಗಗಳಿಗೂ ಬೀಗ ಹಾಕಿದವರು, ಕೊನೆಗೆ ಒಬ್ಬ ಶಿಕ್ಷಕಿ ತಮ್ಮ ಕೈಚೀಲದಲ್ಲಿ ತಂದ ಒಂಬತ್ತು ಪುಟಗಳಿಗೂ ಬೀಗ ಹಾಕಿದ್ದಾರೆ.

ಶಿಕ್ಷಕಿ ಈಗ ಮುದ್ರಿತ ಪ್ರಶ್ನೋತ್ತರಗಳನ್ನು ಬೋರ್ಡಿನ ಮೇಲೆ ಬರೆಯುತ್ತಾರೆ, ಮಕ್ಕಳು ನೋಡಿ ಬರೆದುಕೊಳ್ಳುತ್ತಾರೆ. ನನ್ನ ಮಗಳು ಇಂಗ್ಲಿಷ್ ಪುಸ್ತಕವನ್ನು ಮನೆಯಲ್ಲಿ ತೆರೆದು ವಾರವಾಯಿತು. ಜೆರಾಕ್ಸ್ ಅಂಗಡಿಯಲ್ಲಿ ನಿಂತೇ ಕಥೆಯನ್ನು ಪೂರ್ತಿ ಓದಿದ್ದರಿಂದ ಅದರ ಕೊನೆ ನನಗೆ ಗೊತ್ತು. ಅವಳು ಕೇಳಿಲ್ಲ, ನಾನೂ ಹೇಳಿಲ್ಲ. ಆ 38 ಮಕ್ಕಳಲ್ಲಿ ಕೆಲವರ ಮನೆಗೆ ನಿಮ್ಮ ಪತ್ರಿಕೆ ಬರುವುದರಿಂದ ಇಲ್ಲಿಯೂ ಬರೆಯುವುದಿಲ್ಲ.

ಸಂಬಂಧಪಟ್ಟವರು ನೋಟಿಸನ್ನು ಕೂಡಲೇ ಹಿಂಪಡೆಯಬೇಕು, ಆ ತರಗತಿಗೆ ಬಂದು ಮಕ್ಕಳೆದುರಿಗೇ ಶಿಕ್ಷಕಿಯಲ್ಲಿ ಕ್ಷಮೆ ಕೇಳಬೇಕು. ಅದು ಆಗದಿದ್ದರೆ ಶಾಲೆಯ ಗ್ರಂಥಾಲಯದ ಬೀರುವಿನ ಬೀಗವನ್ನಾದರೂ ಒಡೆಸಿ ಪುಸ್ತಕಗಳನ್ನು ಹೊರಗೆ ತೆಗೆಸಬೇಕು, ಶಾಖಾ ಗ್ರಂಥಾಲಯವನ್ನು ಸಂಜೆ ತೆರೆದಿಡಬೇಕು. ಯಾರು ಸಂಬಂಧಪಟ್ಟವರು ಎಂಬುದೇ ಆ ಕಚೇರಿಯಲ್ಲಿ ಯಾರಿಗೂ ಗೊತ್ತಿಲ್ಲದ್ದರಿಂದ ಈ ಮಾತನ್ನು ಎಲ್ಲರಿಗೂ ಹೇಳುತ್ತಿದ್ದೇನೆ. ಇಂಗ್ಲಿಷಿನಲ್ಲಿ ಓದುತ್ತಿದ್ದ ಕಥೆಯೊಂದರ ಕೊನೆಗಾಗಿ ಸರ್ಕಾರಿ ಶಾಲೆಯ ಮಕ್ಕಳು ಕಾದು ಕುಳಿತದ್ದನ್ನು ಕಣ್ಣಾರೆ ಕಂಡೂ ಸಂತೋಷಪಡದೆ ಕಾಗದ ಕಿತ್ತುಕೊಳ್ಳುವವರಿಗೆ ಮಕ್ಕಳ ಶಿಕ್ಷಣದ ಉಸ್ತುವಾರಿ ಏಕೆ ಬೇಕು? ಕಡತದಲ್ಲಿರುವ ಆ ಎರಡು ಪುಟಗಳನ್ನು ಈ ವಾರದೊಳಗೆ ಶಾಲೆಗೆ ಕಳುಹಿಸಲಿ.

– ಹತ್ತನೇ ತರಗತಿಯ ವಿದ್ಯಾರ್ಥಿನಿಯೊಬ್ಬಳ ತಾಯಿ