ಎರೆಹುಳು ಫೋಟೋ ಹಾಕುವವರ ಗಮನಕ್ಕೆ

ಸ್ನೇಹಿತರೇ, ಗದ್ದೆ ಬದು, ಹೊಳೆ ದಂಡೆಯ ಹಸಿಮಣ್ಣಲ್ಲಿ ಸಿಕ್ಕ ಎರೆಹುಳುವಿನ ಫೋಟೋ ಹಾಕಿ ‘ಇದು ಹೊಸ ಪ್ರಭೇದವಾ?’ ಎಂದು ಕೇಳುವವರು ಜಾಸ್ತಿಯಾಗಿದ್ದಾರೆ. ಕೇಳಿ, ಖುಷಿಯೇ. ಆದರೆ ಬರೀ ಫೋಟೋ ನೋಡಿ ಹೇಳಲು ಆಗುವುದಿಲ್ಲ.

ನೀರಂಚಿನಲ್ಲಿ ಬದುಕುವ ಇಂಥ ಹುಳುಗಳಲ್ಲಿ ಗ್ಲಿಫಿಡ್ರಿಲಸ್ ಎಂಬ ಕುಲವಿದೆ, ಅಂದರೆ ಹತ್ತಿರದ ಪ್ರಭೇದಗಳ ಗುಂಪು. ಪ್ರಾಣಿಶಾಸ್ತ್ರಜ್ಞ ಹಾರ್ಸ್ಟ್ 1889ರಲ್ಲಿ ಹೆಸರಿಟ್ಟದ್ದು. ಭಾರತದಲ್ಲೂ ಉಂಟು. ಥಾಯ್ಲೆಂಡ್, ಲಾವೋಸ್ ಕಡೆಯ ಮೆಕಾಂಗ್ ಕಣಿವೆಯಿಂದ ಈಚೆಗೆ ಹಲವು ಹೊಸ ಪ್ರಭೇದಗಳು ಬಂದಿವೆ. ಈ ಕುಲದ ಬೆಳೆದ ಹುಳುವಿನ ಕ್ಲೈಟೆಲ್ಲಮ್, ಅಂದರೆ ದಪ್ಪ ಪಟ್ಟಿಯ ಭಾಗ, ಅದರ ಎರಡೂ ಬದಿಗೆ ರೆಕ್ಕೆಯಂಥ ಅಂಚು ಇರುತ್ತದೆ. ಆ ಅಂಚು ಎಷ್ಟನೇ ಉಂಗುರದಲ್ಲಿ ಶುರು, ಎಲ್ಲಿ ಮುಗಿಯುತ್ತದೆ, ಹೊಟ್ಟೆ ಕಡೆಯ ಸಣ್ಣ ಗುರುತುಗಳು ಯಾವ ಉಂಗುರದಲ್ಲಿವೆ ಅನ್ನುವುದರ ಮೇಲೇ ಪ್ರಭೇದ ಬೇರೆ ಬೇರೆಯಾಗುತ್ತದೆ. ಆಮೇಲೆ ಹುಳುವನ್ನು ಕೊಯ್ದು ವೀರ್ಯಕೋಶಗಳ (ವೀರ್ಯ ಕೂಡಿಡುವ ಚೀಲಗಳ) ಜಾಗ ನೋಡಬೇಕು. ಡಿಎನ್ಎ ಹೋಲಿಕೆ ಸೇರಿದರೆ ಇನ್ನೂ ಗಟ್ಟಿ. ಮರಿಗಳಿಗೆ ರೆಕ್ಕೆಯೇ ಇರುವುದಿಲ್ಲ, ಹಾಗಾಗಿ ಅವುಗಳ ಫೋಟೋ ಸುಮ್ನೆ.

ಹೊಸ ಹೆಸರು ಪಕ್ಕಾ ಆಗಬೇಕಾದರೆ ವಿವರಣೆ ಪ್ರಕಟವಾಗಬೇಕು, ಆ ಹೆಸರಿಗೆ ಆಧಾರವಾಗುವ ಮಾದರಿ ಹುಳುವನ್ನು ಗೊತ್ತುಮಾಡಿ ಸಂಗ್ರಹಾಲಯದಲ್ಲಿ ಇಡಬೇಕು. ಇದು ವಾಟ್ಸ್‌ಆ್ಯಪ್‌ನಲ್ಲಿ ಮುಗಿಯುವ ಕೆಲಸವಲ್ಲ ಅಲ್ವಾ!

ಇನ್ನು ಮುಂದೆ ಫೋಟೋ ಹಾಕುವಾಗ ಬೆನ್ನು, ಹೊಟ್ಟೆ ಎರಡೂ ಕಡೆ ತೆಗೆಯಿರಿ. ಪಕ್ಕದಲ್ಲಿ ಸ್ಕೇಲ್ ಇಡಿ. ಊರು, ತಾರೀಕು, ಮಣ್ಣು ಎಷ್ಟು ಒದ್ದೆಯಿತ್ತು, ನೀರಿನಿಂದ ಎಷ್ಟು ದೂರ ಎಂದು ಬರೆಯಿರಿ. ಕಾಡಿನೊಳಗೆ ಅನುಮತಿಯಿಲ್ಲದೆ ಹುಳು ಹಿಡಿಯಲು ಹೋಗಬೇಡಿ.